ಕೆಡವಿದ ಹಮಾಮಿಗೊಂದು ಹೆಂಗಸರ ಬಾಗಿಲು

ಬೆಳಗಿನ ಆರು ಗಂಟೆ. ಸ್ಯಾನ್ ಡಿಯೇಗೊ ಬಳಿಯ ಪೊವೇ ಬಿಸಿನೆಸ್ ಪಾರ್ಕಿನ ಮೇಲೆ ಕವಿದ ಮಂಜು ಇನ್ನೂ ಚದುರಿಲ್ಲ. ಸಾಲು ಶೆಡ್ಡುಗಳ ಪೈಕಿ ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಐವತ್ತೊಂದರ ವೈಶಾಲಿ ಚಿತ್ರಗಾರ ಭೂತಗನ್ನಡಿಯ ಕೆಳಗೆ ಬಗ್ಗಿ, ಅಂಗೈಯಷ್ಟಗಲದ ಮರದ ಗುಮ್ಮಟಕ್ಕೆ ತೂತು ಕೊರೆಯುತ್ತಿದ್ದಾರೆ. ಒಂದು ಕೊರೆದು, ಹುಡಿ ಊದಿ, ಮತ್ತೊಂದು. ಒಟ್ಟು ಎಂಬತ್ತನಾಲ್ಕು. ಪ್ರತಿ ತೂತಿನಲ್ಲೂ ಸಾಸಿವೆ ಕಾಳಿನಷ್ಟು ಗಾಜಿನ ಮಣಿ ಕೂರಬೇಕು.

"ಹಮಾಮಂದ್ರ ಜಳಕದ ಮನಿರಿ. ಬೆಳಕು ಮ್ಯಾಲಿಂದನ ಬೀಳಬೇಕು. ಗ್ವಾಡಿಗೆ ಕಿಟಕಿ ಇಟ್ರ ಮಂದಿ ಇಣಕತಾರಲ್ಲ?" ಎಂದು ನಗುತ್ತಾರೆ, ಕೈ ನಿಲ್ಲಿಸದೆ.

ಈಗ ಎಲ್ಲೂ ಇಲ್ಲದ ಕಟ್ಟಡಗಳನ್ನು ಮರದಲ್ಲಿ ಮತ್ತೆ ನಿಲ್ಲಿಸುವುದು ಇವರ ಕೆಲಸ. ತುರ್ಕಿಯ ಆಟೊಮನ್ ಸುಲ್ತಾನರ ಕಾಲದ ಮನೆ, ಛತ್ರ, ನೀರಿನ ಕಟ್ಟೆಗಳಲ್ಲಿ ಎಷ್ಟೋ ಬೆಂಕಿಗೆ ಹೋದವು, ಎಷ್ಟೋ ರಸ್ತೆಗೆ ಹೋದವು. ಲಾಸ್ ಏಂಜಲಿಸ್‌ನ ಸಣ್ಣ ವಸ್ತುಸಂಗ್ರಹಾಲಯವೊಂದು ಹಳೆಯ ಫೋಟೊ, ನಕ್ಷೆಗಳನ್ನು ಈ ವರ್ಕ್‌ಶಾಪಿಗೆ ಕಳಿಸುತ್ತದೆ. ವೈಶಾಲಿ ಇದುವರೆಗೆ ಇಪ್ಪತ್ಮೂರು ಮಾದರಿ ಮಾಡಿದ್ದಾರೆ. ಒಂದಕ್ಕೆ ಆರು ವಾರ, ಕೆಲವಕ್ಕೆ ಮೂರು ತಿಂಗಳು.

ಕಲಘಟಗಿಯಲ್ಲಿ ಅವರ ತಂದೆ ಬಣ್ಣದ ತೊಟ್ಟಿಲು ಮಾಡುತ್ತಿದ್ದರು. ತೊಟ್ಟಿಲ ಕಾಲು ಉಜ್ಜಿ ನುಣುಪು ಮಾಡುವ ಕೆಲಸ ಆರನೇ ವಯಸ್ಸಿಗೇ ಮಗಳ ಪಾಲಿಗೆ ಬಂತು. ೨೦೦೮ರಲ್ಲಿ ಇಂಜಿನಿಯರ್ ಗಂಡ ಅಪ್ಪಾಸಾಹೇಬರ ಜೊತೆ ಸ್ಯಾನ್ ಡಿಯೇಗೊಗೆ ಬಂದಾಗ ವೀಸಾದಲ್ಲಿ ದುಡಿಯುವ ಅನುಮತಿ ಇರಲಿಲ್ಲ. ಹನ್ನೆರಡು ವರ್ಷ ಹಾಗೇ ಹೋಯಿತು. "ಕೈ ಇದ್ದೂ ಇಲ್ಲದಂಗ ಕುಂತಿದ್ದೆರಿ. ಯಾವುದಾರ ಮರದ ಕುರ್ಚಿ ಕಂಡ್ರ ಸವರತಿದ್ದೆ, ಮಗಳು ನಾಚಿಕೊಳ್ತಿದ್ಲು."

೨೦೨೦ರಲ್ಲಿ ಗ್ರೀನ್ ಕಾರ್ಡ್ ಬಂದ ತಿಂಗಳೇ ಇಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಅಪ್ಲೈ ಮಾಡಿದರು. ಕೋವಿಡ್‌ನಿಂದಾಗಿ ಅರ್ಧ ಜನ ಬರುತ್ತಿರಲಿಲ್ಲ. ಒಂದು ದಿನ ಪೆಟ್ಟಿಗೆಗೆ ತುಂಬುವಾಗ ಒಂದು ಮಾದರಿಯ ಮಿನಾರಿನ ತುದಿ ಮುರಿಯಿತು. ಯಾರಿಗೂ ಹೇಳದೆ ಊಟದ ಬಿಡುವಿನಲ್ಲಿ ಹೊಸದನ್ನು ಕಡೆದು ಕೂರಿಸಿದರು. ಸಂಜೆ ಮಾಲೀಕ ರಮೋನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಾಳೆಯಿಂದ ಪ್ಯಾಕಿಂಗ್ ಬೇಡ, ಈ ಟೇಬಲ್‌ಗೆ ಬಾ" ಎಂದನಂತೆ. ಮರುವರ್ಷ ಗರಗಸಕ್ಕೆ ಎಡಗೈ ಬೆರಳಿನ ತುದಿ ಹೋಯಿತು. ಎರಡು ತಿಂಗಳಿಗೇ ಮರಳಿ ಬಂದರು.

ಈಗ ಕೊರೆಯುತ್ತಿರುವುದು ಅವರ ಎರಡನೇ ಹಮಾಮು. ಮೊದಲನೆಯದು ೨೦೨೩ರಲ್ಲಿ ಬಂತು. ಇಸ್ತಾಂಬುಲ್ಲಿನ ಒಂದು ಕೇರಿಯಲ್ಲಿದ್ದು, ೧೯೫೭ರಲ್ಲಿ ರಸ್ತೆ ಅಗಲ ಮಾಡುವಾಗ ಕೆಡವಿದ್ದು. ಕೈಗೆ ಸಿಕ್ಕಿದ್ದು ಒಂದು ನಕ್ಷೆ, ಒಂದೇ ಫೋಟೊ. ನಕ್ಷೆಯಲ್ಲಿ ಒಂದು ಗುಮ್ಮಟ, ಒಂದು ದೊಡ್ಡ ಬಾಗಿಲು. ಫೋಟೊದಲ್ಲಿ ಮಾತ್ರ ಗೋಡೆ ಮುಗಿಯಬೇಕಾದಲ್ಲಿ ಮುಗಿಯದೆ ಪಕ್ಕದ ಗಲ್ಲಿಗೆ ತಿರುಗಿಕೊಂಡಿದೆ.

"ಗಂಡಸರು ಈ ಕಡಿಂದ ಹೋದ್ರು, ಖರೆ. ಹೆಂಗಸರು ಎಲ್ಲಿಂದ ಹೋದ್ರು?" ಎಂದು ವೈಶಾಲಿ ಕೇಳಿದರು. ರಮೋನ್ ಗಡಿಯಾರ ತೋರಿಸಿದ. ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಇನ್ನು ಮೂರೇ ವಾರ. "ನಕ್ಷೆಯಲ್ಲಿ ಇಲ್ಲದ್ದನ್ನು ನಾವು ಕಟ್ಟೋದಿಲ್ಲ, ವೈಶಾಲಿ."

ಆ ಫೋಟೊ ಕೊಟ್ಟವರು ಅದೇ ಕೇರಿಯಲ್ಲಿ ಬೆಳೆದು, ಆಗ ಲಾಸ್ ಏಂಜಲಿಸ್ ಬಳಿಯ ಪೋರ್ಟರ್ ರ್ಯಾಂಚ್‌ನಲ್ಲಿ ಮಗನ ಮನೆಯಲ್ಲಿದ್ದ ಎಂಬತ್ತಾರರ ನೆರಿಮಾನ್. ಭಾನುವಾರ ರಟ್ಟಿನ ಕಚ್ಚಾ ಮಾದರಿಯನ್ನು ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ, ವೈಶಾಲಿ ಮೂರು ಗಂಟೆ ಡ್ರೈವ್ ಮಾಡಿದರು. ಅಜ್ಜಿ ಮಾದರಿಯನ್ನು ನೋಡಿದವರೇ ಮುಖ ಸಣ್ಣ ಮಾಡಿಕೊಂಡರು. "ಇದು ಗಂಡಸರದ್ದು. ನಾನು ಇದರೊಳಗೆ ಕಾಲೇ ಇಟ್ಟಿಲ್ಲ." ಆಮೇಲೆ ಕಣ್ಣು ಮುಚ್ಚಿ, ಎರಡು ಬೆರಳನ್ನು ಮೇಜಿನ ಮೇಲೆ ನಡೆಸುತ್ತ ಹೇಳತೊಡಗಿದರು: ಗಲ್ಲಿಯೊಳಗೆ ಹದಿನಾಲ್ಕು ಹೆಜ್ಜೆ, ತಗ್ಗಾದ ಬಾಗಿಲು, ಕೆಳಕ್ಕೆ ಮೂರು ಮೆಟ್ಟಿಲು, ಆಚೆ ಇನ್ನೊಂದು ಸಣ್ಣ ಗುಮ್ಮಟ. ಅಲ್ಲೇ ಅವರ ಅಮ್ಮ ಅವರ ತಲೆ ತೊಳೆಯುತ್ತಿದ್ದರು. ವೈಶಾಲಿ ಅಜ್ಜಿಯ ಒಂದು ಹೆಜ್ಜೆ ಎಷ್ಟುದ್ದ ಎಂದು ಅಳೆದು ಬರೆದುಕೊಂಡರು.

ವೈಶಾಲಿ ಇದನ್ನು ತಿಳಿಸಿದ ಮೇಲೆ ವಸ್ತುಸಂಗ್ರಹಾಲಯದವರು ಆ ಹಮಾಮಿನ ಕಡತ ಮತ್ತೆ ತೆಗೆದರು. ಹಳೆಯ ಹಾಳೆಯೊಂದರ ಅಂಚಿನಲ್ಲಿ ಒಂದು ಸಾಲಿತ್ತು: 'ಪಕ್ಕದಲ್ಲಿ ಹೆಂಗಸರ ವಿಭಾಗ, ಅಳತೆ ತೆಗೆದಿಲ್ಲ.' ರಮೋನ್ ಒಪ್ಪಿದ. ವೈಶಾಲಿ ಹದಿನೆಂಟು ದಿನ ಬೆಳಗಿನ ಐದಕ್ಕೇ ಬಂದು ಆ ಅರ್ಧವನ್ನು ಕಟ್ಟಿದರು. ದಾಖಲೆ ಇದ್ದ ಭಾಗಕ್ಕೆ ಕಲ್ಲಿನ ಬಣ್ಣ ಬಳಿದರು. ನೆನಪಿನಿಂದ ಬಂದ ಭಾಗಕ್ಕೆ ಬಣ್ಣವೇ ಇಲ್ಲ, ಬರೀ ಮರ. "ಗೊತ್ತಿದ್ದದ್ದು ಯಾವುದು, ನೆಪ್ಪಿಲೆ ಮಾಡಿದ್ದು ಯಾವುದು, ನೋಡಾವರಿಗೆ ತಿಳೀಬೇಕ್ರಿ. ಸುಳ್ಳು ಹೇಳಬಾರದು."

ಪ್ರದರ್ಶನದ ಮೊದಲ ದಿನ ಗಾಲಿಕುರ್ಚಿಯಲ್ಲಿ ಬಂದ ನೆರಿಮಾನ್ ಆ ಬರಿಮರದ ಬಾಗಿಲ ಮುಂದೆಯೇ ಕುರ್ಚಿ ನಿಲ್ಲಿಸಿದರು. ವೈಶಾಲಿಯ ಕೈ ಹಿಡಿದು ತುರ್ಕಿ ಭಾಷೆಯಲ್ಲಿ ಏನೋ ಹೇಳಿದರು. ಮಗ ಅರ್ಥ ಹೇಳಲು ಬಾಯಿ ತೆರೆದರೆ, "ಇರಲಿ, ತಿಳೀತು" ಎಂದರಂತೆ ವೈಶಾಲಿ. ಅಜ್ಜಿ ಮರುವರ್ಷ ತೀರಿಕೊಂಡರು.

ಪ್ರದರ್ಶನದ ಫಲಕದಲ್ಲಿ ವೈಶಾಲಿಯ ಹೆಸರಿಲ್ಲ. ಅವರಿಗೆ ಅದರ ಬೇಜಾರೂ ಇಲ್ಲ. ಒಂದೇ ಒಂದು ಆಸೆ: ಒಮ್ಮೆ ಇಸ್ತಾಂಬುಲ್ಲಿಗೆ ಹೋಗಿ ಆ ಜಾಗದಲ್ಲಿ ನಿಲ್ಲಬೇಕು. "ಅಲ್ಲೇನೈತಿ, ಬರೇ ರಸ್ತೆ, ಬಸ್ಸು," ಎಂದು ಮನೆಯಲ್ಲಿ ಅಪ್ಪಾಸಾಹೇಬರು ಛೇಡಿಸುತ್ತಾರೆ.

ವೈಶಾಲಿ ಡ್ರಿಲ್ ಕೆಳಗಿಟ್ಟು ಗಂಭೀರವಾಗಿ ಹೇಳುತ್ತಾರೆ: "ರಸ್ತೆ ಇದ್ರ ಇರಲಿ. ಎಷ್ಟು ಹೆಜ್ಜಿಗೆ ಬಾಗ್ಲಾ ಬರತೈತಿ ಅಂತ ನನಗ ಗೊತ್ತೈತಿ."