ಗೌಂಡಿ ತಿಂದ ತುಪ್ಪ

ಜತ್ತ ಸಂಸ್ಥಾನ ಹೋಗಿ ನಾಲ್ಕಾರು ವರ್ಷಗಳಾಗಿದ್ದ ಆ ದಿನಗಳಲ್ಲಿ ರಾಜರ ದರ್ಬಾರು ಮುಗಿದಿತ್ತು, ಮನೆ ಕಟ್ಟುವ ಗೌಂಡಿಗಳದು ಮಾತ್ರ ಮುಗಿದಿರಲಿಲ್ಲ. ತಿಕೋಂಡಿಯ ನಮ್ಮ ಮನೆಯ ಹಿಂದಿನ ಕೋಣೆ ಮಳೆಗೆ ಕುಸಿದಿತ್ತು. ಚೊಚ್ಚಲ ಬಸುರಿ ಅಕ್ಕ ಹೆರಿಗೆಗೆ ಬರುವುದರೊಳಗೆ ಅದು ಎದ್ದು ನಿಲ್ಲಬೇಕಿತ್ತು. ಗೋಡೆ ಕಟ್ಟಲು ಸನಮಡಿಯಿಂದ ಸಿದ್ರಾಮ ಗೌಂಡಿ ಬಂದ.

"ಎಂಟ ದಿನದ ಕೆಲಸ ನೋಡ್ರಿ, ಅವ್ವಾರ" ಅಂದ. ಎಂಟು ದಿನವಂತೆ! ಅವನ ಬಾಯಿಗಿಷ್ಟು ಮಣ್ಣು ಬೀಳಲಿ!

ಕೂಲಿ ಮಾತಾಡಿದವನು ಅಪ್ಪ, ಊಟ ಹಾಕಬೇಕಾದವಳು ಅವ್ವ. ಪಾಯಕ್ಕೆ ಕಲ್ಲಿಟ್ಟ ದಿನ, ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಪೂಜೆ ಮಾಡಿ ಗೌಂಡಿಗೆ ಹೋಳಿಗೆ ತುಪ್ಪ ಬಡಿಸುವುದು ನಮ್ಮ ಕಡೆಯ ಪದ್ಧತಿ. ಸಿದ್ರಾಮ ಇನ್ನಷ್ಟು ಪದ್ಧತಿ ಹುಟ್ಟಿಸಿದ. ಗೋಡೆಯಲ್ಲಿ ದೀಪದ ಗೂಡು ಬಿಟ್ಟರೆ ಹೋಳಿಗೆ, ಬೆಳಕಿಂಡಿ ಇಟ್ಟರೆ ಹೋಳಿಗೆ, ತೊಲೆ ಏರಿಸಿದರೆ ಹೋಳಿಗೆ. ಬೇಳೆ ಬೆಲ್ಲ ಕುದಿಯುವ ವಾಸನೆಗೆ ಚಿಣ್ಣಿದಾಂಡು ಆಟ ಬಿಟ್ಟು ನಾನೂ ಓಡಿ ಬರುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಆ ತುಪ್ಪ ಅಕ್ಕನ ಬಾಣಂತನಕ್ಕೆಂದು ಅವ್ವ ವರ್ಷವಿಡೀ ಕೂಡಿಟ್ಟದ್ದು.

"ಗೂಡಿಗೂ ಹೋಳಿಗಿ ಏನ, ಹೊಟ್ಟಿಬಾಕ!" ಎಂದು ಅವ್ವ ಅಡುಗೆಮನೆಯಲ್ಲೇ ಹಲ್ಲು ಕಡಿದಳು.

"ಸುಮ್ನ ನೀಡ. ಮನಿ ಕಟ್ಟಾಂವನ ಹೊಟ್ಟಿ ಉರಿಸಿದ್ರ ಗ್ವಾಡಿ ನಿಲ್ಲಂಗಿಲ್ಲ" ಎಂದಳು ಅಜ್ಜಿ.

ಸಿದ್ರಾಮ ಅಮಾವಾಸ್ಯೆಗೆ ಮಣ್ಣು ಮೆತ್ತುವ ಕರಣಿ ಮುಟ್ಟಲೊಲ್ಲ, ಸಂತೆಯ ದಿನ ಬರಲೊಲ್ಲ. ಎಂಟು ದಿನ ಒಂದೂವರೆ ತಿಂಗಳಾಯಿತು. ಮಾಳಿಗೆಗೆ ಮಣ್ಣು ಹಾಸಿ ಕೋಣೆ ಮುಗಿದ ದಿನವೇ ಅಕ್ಕನ ಚಕ್ಕಡಿ ಬಾಗಿಲಿಗೆ ಬಂತು. ಗೌಂಡಿಗೆ ಬಡಿಸಲು ಹೋದ ಅವ್ವನ ಸೌಟು ತುಪ್ಪದ ಗಡಿಗೆಯ ತಳಕ್ಕೆ ತಾಗಿ ಕರಕರ ಎಂದಿತು. "ಇನ್ನ ನನ್ನ ಮಗಳಿಗೆ ಏನ್ ನೀಡ್ಲಿ?" ಎಂದು ಅವನೆದುರೇ ಅತ್ತಳು. ಅವನು ಅರ್ಧ ಊಟದಲ್ಲಿ ಕೈ ತೊಳೆದು ಎದ್ದು ಹೋದ.

ಕೂಸು ಹುಟ್ಟಿದ ಐದನೆಯ ದಿನ ಮತ್ತೆ ಬಂದ, ಹೆಗಲ ಮೇಲೆ ಗಡಿಗೆ. "ನಮ್ಮಾಕಿ ಕೊಟ್ಟಾಳ್ರಿ, ಎಮ್ಮಿ ತುಪ್ಪ. ಬಾಣಂತಿಗೆ ನೀಡ್ರಿ."

ಅವ್ವನ ಸಿಟ್ಟು ಇಳಿಯುತ್ತಿತ್ತು. ಅಷ್ಟರಲ್ಲಿ ಆಸಾಮಿ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. "ತೊಲಿಗೆ ತೊಟ್ಟಿಲದ ಕೊಂಡಿ ನಾನ ಹಾಕೀನ್ರಿ. ಅದರ ಹೋಳಿಗಿ ಇನ್ನೂ ಬಾಕಿ ಐತಿ!"

ಹೋದ ವರ್ಷ ನನ್ನ ಮಗ ಆ ಗೋಡೆ ಕೆಡವಿಸಿ ಸಿಮೆಂಟಿನದು ಕಟ್ಟಿಸಿದ. ಬಂದವರು ಹೇಳಿದ ದಿನಕ್ಕೆ ಮುಗಿಸಿದರು. ಊಟದ ಡಬ್ಬಿ ತಾವೇ ತಂದಿದ್ದರು, ನಮ್ಮನೆಯ ನೀರೂ ಕುಡಿಯಲಿಲ್ಲ. ಗೋಡೆ ಈಗಾಗಲೇ ಬಿರಿದಿದೆ. ಬಾಯಿತುಂಬ ಬೈಯೋಣವೆಂದರೆ ಅವರಲ್ಲಿ ಒಬ್ಬನ ಹೆಸರೂ ನನಗೆ ಗೊತ್ತಿಲ್ಲ.