ತಣ್ಣಗಿದ್ದ ಪೆಟ್ಟಿಗೆ

ಆಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುವವಳಿಗೆ ಎಲ್ಲರೂ ಇಟ್ಟ ಹೆಸರು ಜೋಡಕ್ಕ. ಚೀಲದಲ್ಲಿ ಎರಡು ಕೊಡೆ, ಕೋಣೆಗೆ ಎರಡು ಬೀಗದ ಕೈ. "ಗಂಡನೂ ಇಬ್ಬರಾ ಅಕ್ಕಾ?" ಎಂದು ವಾರ್ಡಿನ ನರ್ಸ್ ಕೆಣಕಿದರೆ, "ಇರೋ ಒಬ್ಬರನ್ನ ಸಾಕೋದ್ರಲ್ಲೇ ಸಾಕಾಗಿದೆ" ಎನ್ನುವವಳು.

ತೀವ್ರ ನಿಗಾ ವಾರ್ಡಿನ ಹನ್ನೆರಡು ಹಾಸಿಗೆಗೆ ಯಾವ ಹೊತ್ತಿಗೆ ಯಾವ ಔಷಧಿ, ಎಷ್ಟು ಎಂಬುದೆಲ್ಲ ಅವಳ ಕೋಣೆಯಿಂದಲೇ ಪರದೆಗೆ ಹೋಗಬೇಕು. ಅದಕ್ಕೆಂದೇ, ಯಂತ್ರದೊಳಗೆ ತಂತ್ರಾಂಶವಾಗಿ ಓಡುವ ಎರಡು ವರ್ಚುವಲ್ ಸರ್ವರ್‌ಗಳನ್ನು ಎರಡು ಬೇರೆ ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಕೂರಿಸಿದ್ದಳು. ನೆಟ್‌ವರ್ಕಿನಲ್ಲಿ ಎರಡಕ್ಕೂ ವಿಳಾಸ ಒಂದೇ, ಒಂದು ಮಲಗಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇನ್ನೊಂದು ಆ ವಿಳಾಸ ಹೊತ್ತು ನಿಲ್ಲಬೇಕು. ಆಮೇಲೆ ಬಾಣಂತನಕ್ಕೆ ಹೋದಳು.

ಐದು ತಿಂಗಳ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಮರಳಿದ ದಿನ, ಪರದೆಯಲ್ಲಿ ಎರಡು ದೀಪವೂ ಹಸಿರು. ಆದರೂ ಕೂಸಿನ ಹಣೆ ಮುಟ್ಟಿ ಮುಟ್ಟಿ ಅಭ್ಯಾಸವಾದ ಕೈ ಸುಮ್ಮನಿರಲಿಲ್ಲ. ಒಂದನೇ ಪೆಟ್ಟಿಗೆಯ ಬೆನ್ನು ಕಾದ ಹೆಂಚು. ಎರಡನೆಯದು ತಣ್ಣಗಿತ್ತು. ಮೇಲಧಿಕಾರಿಯ ಕೋಣೆಗೆ ಓಡಿದಳು.

"ಎರಡನೇದಕ್ಕೆ ಏನಾಯ್ತು ಸರ್?"

"ರಿಪೇರಿ ಇತ್ತು. ಅದರಲ್ಲಿದ್ದ ಸರ್ವರ್‌ನ ಒಂದನೇ ಪೆಟ್ಟಿಗೆಗೇ ಸರಿಸಿದ್ವಿ," ಎಂದರು ಮೇಲಧಿಕಾರಿ, ಮೊಬೈಲಿನಿಂದ ಕಣ್ಣೆತ್ತದೆ. "ಹಸಿರಾಗೇ ಇದೆಯಲ್ಲಮ್ಮ."

"ವಾಪಸ್ ಕೂರಿಸ್ಲೇ ಇಲ್ವಾ? ಎರಡೂ ಒಂದೇ ದೋಣೀಲಿವೆ ಸರ್!"

"ಮೂರು ತಿಂಗಳು ತೇಲಿದ ದೋಣಿ ಭಾನುವಾರದ ತನಕ ಮುಳುಗಲ್ಲ ಬಿಡು. ಅವತ್ತು ರಾತ್ರಿ ಸರಿಸು, ಹಗಲು ಹೊತ್ತು ಮುಟ್ಟಬೇಡ."

ಕೋಣೆಗೆ ಬಂದರೆ ಬಿಸಿ ಪೆಟ್ಟಿಗೆಯ ಫ್ಯಾನು ಗೊರಗುಟ್ಟುತ್ತಿತ್ತು. ವಾರ್ಡಿಗೆ ಫೋನು ಮಾಡಿದಳು. "ಸಿಸ್ಟರ್, ಔಷಧಿ ಪಟ್ಟಿ ಪೂರ್ತಿ ಕೈಯಲ್ಲಿ ಬರ್ಕೊಳ್ಳಿ. ಪ್ರಿಂಟಿಗೆ ಅಂತ ಕೆಳಗೆ ಓಡಬೇಡಿ, ಈಗಲೇ ಬರೀರಿ."

"ಪಟ್ಟಿಗೂ ಜೋಡಿ ಬೇಕಾ ಅಕ್ಕಾ?"

"ನಗಬೇಡಿ. ಬರೀರಿ."

ನರ್ಸ್ ಗಟ್ಟಿಯಾಗಿ ಓದುತ್ತ ಬರೆಯತೊಡಗಿದಳು. ಒಂದನೇ ಹಾಸಿಗೆ, ಎರಡನೇ ಹಾಸಿಗೆ. ಇತ್ತ ಜೋಡಕ್ಕ, ಆದದ್ದಾಗಲಿ ಎಂದು, ಒಂದು ಸರ್ವರನ್ನು ತಣ್ಣನೆಯ ಪೆಟ್ಟಿಗೆಗೆ ಸರಿಸಲು ಕೈ ಹಾಕಿದಳು. ಬಿಸಿ ಪೆಟ್ಟಿಗೆಯ ಮೇಲೆ ಹೊರೆ ಏರಿತು. ಅರ್ಧ ದಾರಿಯಲ್ಲಿ ಫ್ಯಾನು ಒಮ್ಮೆ ಕಿರುಚಿ ನಿಂತಿತು. ಕಾವು ತಾಳದೆ ಪೆಟ್ಟಿಗೆ ತಾನಾಗೇ ಆರಿಹೋಯಿತು. ಎರಡು ಹಸಿರು ದೀಪವೂ ಒಟ್ಟಿಗೇ ಹೋದವು.

"ಅಕ್ಕಾ, ಪರದೆ ಕಪ್ಪಾಯ್ತು." ನರ್ಸಿನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಏಳರ ತನಕ ಬರೆದಿದ್ದೀನಿ. ಎಂಟನೆಯವರಿಗೆ ಮೂರು ಗಂಟೆಗೆ ಇಂಜೆಕ್ಷನ್ ಇದೆ, ತಡ ಮಾಡೋ ಹಾಗಿಲ್ಲ. ಎಷ್ಟು ಅಂತ ನೋಡೋದ್ರಲ್ಲಿದ್ದೆ."

ತಣ್ಣನೆಯ ಪೆಟ್ಟಿಗೆಯಲ್ಲಿ ಸರ್ವರ್ ಮತ್ತೆ ಏಳಲು ಹತ್ತು ನಿಮಿಷ ಬೇಕು. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು.

"ನೆನಪಿಂದ ಕೊಡಬೇಡಿ. ಡಾಕ್ಟರನ್ನ ಕರೀರಿ!"

"ಅವರು ಆಪರೇಷನ್ನಲ್ಲಿದ್ದಾರೆ ಅಕ್ಕಾ."

ತಡೀರಿ ಎನ್ನಲು ಅವಳಿಗೆ ಬಾಯಿತ್ತು. ಆದರೆ ಆ ಹತ್ತು ನಿಮಿಷ ತಡೆದುಕೊಳ್ಳಬೇಕಾದವರು ಎಂಟನೇ ಹಾಸಿಗೆಯಲ್ಲಿದ್ದರು.