ಮುರಿಯಲೆಂದೇ ಮಾಡಿದ ಪಿನ್ನು

ಅಕ್ಕನ ಒಲೆಯ ಮೇಲೆ ಆ ದಿನ ಬೆಳಿಗ್ಗೆ ಕಾಯುತ್ತಿದ್ದುದು ಒಂದು ಬೇರಿಂಗು. ಅವಳ ದೊಡ್ಡ ಬಾಣಲೆ, ಅದರ ತುಂಬ ಎಂಜಿನ್ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಅಂಗೈಯಗಲದ ಉಕ್ಕಿನ ಬಳೆ. ಗಂಡ ಇಕ್ಕಳ ಹಿಡಿದು, ಕೂಸಿಗೆ ಹಾಲು ಕಾಯಿಸುವವನ ಹಾಗೆ ಬಗ್ಗಿ ನೋಡುತ್ತಿದ್ದ.

“ಏನ್ರೀ ಇದು?”

“ಬಿಸಿ ಮಾಡಿದ್ರೆ ಹಿಗ್ಗತ್ತೆ ಕಣೇ. ಶಾಫ್ಟಿನ ಮೇಲೆ ಸಲೀಸಾಗಿ ಕೂರತ್ತೆ.”

“ನನ್ನ ಬಾಣಲೆ?”

“ತೊಳೆದು ಕೊಡ್ತೀನಿ ಬಿಡು.”

ತೊಳೆದು ಕೊಡುತ್ತೇನೆಂದು ಒಯ್ದ ಮೂರು ಪಾತ್ರೆಗಳು ಆಗಲೇ ಶೆಡ್ಡಿನಲ್ಲಿ ಬಿದ್ದಿದ್ದವು. ಸಕ್ಕರೆ ಡಬ್ಬಿಯಲ್ಲಿ ನಟ್ಟು, ಬಚ್ಚಲ ಬಕೆಟಿನಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟ ಗೇರು. ಅಕ್ಕ ಹಣೆ ಚಚ್ಚಿಕೊಳ್ಳುವುದನ್ನೂ ಬಿಟ್ಟಿದ್ದಳು.

ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವನು. ಒಂದು ದಿನವೂ ವೇಗ ಮೀರಿದವನಲ್ಲ. ಅಷ್ಟು ವರ್ಷವೂ ಹೊಲ ನೋಡಿಕೊಂಡವಳು ಅಕ್ಕ, ಟ್ರ್ಯಾಕ್ಟರು ಓಡಿಸಿದವಳೂ ಅವಳೇ. ಕೆಲಸದಿಂದ ನಿವೃತ್ತನಾಗಿ ಮನೆಗೆ ಬಂದವನೇ ಟ್ರ್ಯಾಕ್ಟರು ಎಳೆತದ ಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡ. ಭಾರ ಹೇರಿದ ಬಂಡಿಯೊಂದನ್ನು ನೂರು ಮೀಟರ್ ದೂರದ ಗೆರೆಯವರೆಗೆ ಎಳೆಯಬೇಕು. ಬಂಡಿ ಮುಂದೆ ಸಾಗಿದಂತೆಲ್ಲ ಅದರ ಮೇಲಿನ ಭಾರವೂ ಮುಂದಕ್ಕೆ ಸರಿದು, ಅದರ ಮೂತಿ ನೆಲಕ್ಕೆ ಊರುತ್ತದೆ. ಆಮೇಲೆ ಎಳೆಯುವ ಗಾಡಿಯ ಕಥೆ ದೇವರೇ ಕೇಳಬೇಕು.

ಮೊದಲ ಸಲ ಕ್ಲಚ್ ಪ್ಲೇಟು ಸುಟ್ಟು ಮೈದಾನವೆಲ್ಲ ಕಮಟು. “ಇನ್ನೊಂಚೂರು ಗಟ್ಟಿ ಪ್ಲೇಟು ಹಾಕಿದ್ರೆ ಆಯ್ತು” ಎಂದ. ಗಟ್ಟಿ ಪ್ಲೇಟು ಹಾಕಿದ್ದಕ್ಕೆ ಹಿಂದಿನ ಚಕ್ರದ ಶಾಫ್ಟು ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡಿತು. “ಇನ್ನೊಂಚೂರು ದಪ್ಪ ಶಾಫ್ಟು ಹಾಕಿದ್ರೆ…” ಎಂದ. ಅದಕ್ಕೆ ಗೇರಿನ ಹಲ್ಲು ಉದುರಿದವು. ಅಷ್ಟು ಹೊತ್ತಿಗೆ ಬೀದಿಯವರು ಅವನಿಗೆ ‘ಇನ್ನೊಂಚೂರು’ ಎಂದೇ ಹೆಸರಿಟ್ಟಿದ್ದರು.

ಅಕ್ಕನ ತಮ್ಮ ಟ್ರ್ಯಾಕ್ಟರು ರಿಪೇರಿ ಮಾಡುವ ಮೇಸ್ತ್ರಿ. ಈ ಸಲ ಅವನೇ ಬಂದು ಗಾಡಿಯನ್ನು ಬಿಚ್ಚಿ ಹರವಿಕೊಂಡು ಕೂತ.

“ಭಾವ, ನೀವು ಒಂದು ಕಡೆ ಗಟ್ಟಿ ಮಾಡಿದಷ್ಟೂ ಆ ಜೋರು ಇನ್ನೊಂದು ಕಡೆ ಹೋಗಿ ಕಚ್ಚತ್ತೆ. ಎಲ್ಲಾ ಗಟ್ಟಿ ಮಾಡಿದ್ರೆ ಕೊನೆಗೆ ಗೇರು, ಶಾಫ್ಟು ಕೂತಿರೋ ಹಿಂದಿನ ಎರಕದ ಪೆಟ್ಟಿಗೆನೇ ಬಿರಿಯತ್ತೆ. ಆ ಪೆಟ್ಟಿಗೆ ಈಗ ಯಾರೂ ಮಾಡೋದೂ ಇಲ್ಲ, ಬೆಸುಗೆ ಹಾಕಿದ್ರೆ ನಿಲ್ಲೋದೂ ಇಲ್ಲ. ಗಾಡಿ ಗುಜರಿಗೇ.”

“ಸೋಮವಾರ ಉಳುಮೆ ಶುರು ಮಾಡ್ಬೇಕು ಕಣೋ,” ಎಂದಳು ಅಕ್ಕ. “ಬೀಜ ಮನೆಗೆ ಬಂದು ಕೂತಿದೆ. ಬಾಡಿಗೆ ಟ್ರ್ಯಾಕ್ಟರು ಒಂದೂ ಬಿಡುವಿಲ್ಲ. ಭಾನುವಾರ ಸ್ಪರ್ಧೆ ಮುಗಿಸಿ ಇದು ತನ್ನ ಚಕ್ರದ ಮೇಲೇ ಮನೆಗೆ ಬರ್ಬೇಕು.”

“ಬರತ್ತೆ ಅಕ್ಕ.”

ತಮ್ಮ ಮಾಡಿದ ಉಪಾಯ ಇಷ್ಟು. ಉಳಿದದ್ದನ್ನೆಲ್ಲ ಗಟ್ಟಿ ಮಾಡಿ, ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟನ್ನು ಕೂಡಿಸುವ ಜಾಗದಲ್ಲಿ ಬೆರಳುದ್ದದ ಮೆತ್ತನೆ ಉಕ್ಕಿನ ಪಿನ್ನು ಹಾಕಿದ. ಎಳೆತ ಮಿತಿ ಮೀರಿದರೆ ಮುರಿಯುವುದು ಅದೊಂದೇ. ಅಂಥ ಆರು ಪಿನ್ನು ಮಾಡಿ, ಒಂದನ್ನು ಹಾಕಿ, ಐದನ್ನು ಡಬ್ಬಿಯಲ್ಲಿಟ್ಟು ಅಕ್ಕನ ಕೈಗೆ ಕೊಟ್ಟ. ಕೆಳಗಿನ ತಗಡು ಬಿಚ್ಚಿ ಪಿನ್ನು ಬದಲಿಸುವುದನ್ನೂ ಅವಳಿಗೆ ತೋರಿಸಿದ.

ಗಂಡ ಮುಖ ಹುಳ್ಳಗೆ ಮಾಡಿದ. “ಮುರೀಲಿ ಅಂತ ಯಾರಾದ್ರೂ ಸಾಮಾನು ಮಾಡ್ತಾರೇನಯ್ಯಾ? ನಗ್ತಾರೆ ಜನ.”

“ಈಗ್ಲೂ ನಗ್ತಾನೇ ಇದಾರೆ ಭಾವ.”

ಭಾನುವಾರ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅಕ್ಕ ಡಬ್ಬಿಯನ್ನು ಚೀಲಕ್ಕೆ ಹಾಕುವ ಮುಂಚೆ ಮುಚ್ಚಳ ತೆಗೆದು ನೋಡಿದಳು. ಒಂದು, ಎರಡು… ಆರು. ಇನ್ನೊಮ್ಮೆ ಎಣಿಸಿದಳು. ಆರೇ. ಐದಿರಬೇಕಾದಲ್ಲಿ ಆರಿದ್ದರೆ, ಗಾಡಿಯೊಳಗೆ ಇರುವುದು ಯಾವುದು?

ಏನನ್ನೂ ಎಸೆಯದ ಮನುಷ್ಯ ಅವನು. ಹಳೆ ಬಸ್ ಟಿಕೆಟುಗಳನ್ನೂ ಕಟ್ಟು ಕಟ್ಟಿ ಇಟ್ಟವನು. ಮೆತ್ತನೆ ಪಿನ್ನು ಕಿತ್ತವನು ಅದನ್ನು ಜೋಪಾನವಾಗಿ ಡಬ್ಬಿಗೇ ಸೇರಿಸಿದ್ದ. ಕಳ್ಳತನವನ್ನಾದರೂ ನೆಟ್ಟಗೆ ಮಾಡಬಾರದೇ!

ಅಕ್ಕ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ತೂರಿ, ತಗಡು ಬಿಚ್ಚಿ ಪಿನ್ನು ಹೊರಗೆಳೆದಳು. ಅರ ಹಾಕಿ ಉಜ್ಜಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಒಂದು ಗೀರೂ ಬೀಳಲಿಲ್ಲ. ಹದ ಕೊಟ್ಟ ಗಟ್ಟಿ ಉಕ್ಕು. ಬಚ್ಚಲಲ್ಲಿ ಗಂಡ ಗುನುಗುತ್ತ ನೀರು ಹುಯ್ದುಕೊಳ್ಳುವುದು ಕೇಳುತ್ತಿತ್ತು. ಮೆತ್ತನೆಯದನ್ನು ಹಾಕಿ, ಗಟ್ಟಿಯದನ್ನು ಚೀಲಕ್ಕೆ ಇಳಿಸಿ, ಅವನು ಟವೆಲು ಕೇಳುವ ಹೊತ್ತಿಗೆ ಅವಳು ಕೈ ತೊಳೆದಾಗಿತ್ತು.

ಮೈದಾನದಲ್ಲಿ ಅವನ ಸರದಿ ಬಂತು. ಐವತ್ತು ಮೀಟರ್, ಎಪ್ಪತ್ತು. ಹಿಂದಿನ ಚಕ್ರಗಳು ಮಣ್ಣು ಉಗುಳುತ್ತಿದ್ದವು, ಮುಂದಿನವು ನೆಲ ಬಿಟ್ಟು ಆಡುತ್ತಿದ್ದವು. ಅಕ್ಕನಿಗೇ ತಿಳಿಯದಂತೆ ಅವಳ ಬಾಯಿಂದ “ಇನ್ನೊಂಚೂರು!” ಎಂದು ಬಂದುಬಿಟ್ಟಿತು. ತೊಂಬತ್ತು ದಾಟಿತು. ಅಷ್ಟರಲ್ಲಿ ಟಣ್ ಎಂದು ಒಂದು ಸದ್ದು. ಎಂಜಿನ್ನು ಒಂದೇ ಸಮನೆ ಬೊಬ್ಬೆ ಹಾಕಿತು, ಗಾಡಿ ಮಾತ್ರ ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ನಿಂತುಹೋಯಿತು.

ಗಂಡ ಧುಮುಕಿದ. “ಸಾಧ್ಯವೇ ಇಲ್ಲ! ಈ ಪಿನ್ನು ಮುರಿಯೋಕೆ ಸಾಧ್ಯವೇ ಇಲ್ಲ!”

ಜೊತೆಗೆ ಬಂದಿದ್ದ ತಮ್ಮ ನಿಧಾನವಾಗಿ ಕೇಳಿದ. “ಯಾಕೆ ಭಾವ? ಮುರೀಲಿ ಅಂತಲೇ ಅಲ್ವಾ ಮಾಡಿದ್ದು?”

ಗಂಡ ಇಕ್ಕಟ್ಟಿಗೆ ಸಿಕ್ಕ. ಹೇಳಿದರೆ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಹೊಟ್ಟೆ ತಡೆಯುವುದಿಲ್ಲ. ಅಕ್ಕ ಚೀಲಕ್ಕೆ ಕೈ ಹಾಕಿ ಗಟ್ಟಿ ಪಿನ್ನು ತೆಗೆದು ಅವನ ಮೂಗಿನ ಮುಂದೆ ಹಿಡಿದಳು.

“ಇದನ್ನೇ ಅಲ್ವೇನ್ರೀ ಹೇಳ್ತಿರೋದು?”

ಅವನು ಪಿನ್ನು ನೋಡಿದ, ಅವಳನ್ನು ನೋಡಿದ. “ಇದಿದ್ದಿದ್ರೆ ಗೆರೆ ದಾಟ್ತಿತ್ತು,” ಎಂದ, ಪೆಟ್ಟು ತಿಂದವನ ದನಿಯಲ್ಲಿ.

“ದಾಟ್ತಿತ್ತೇನೋ. ಇಲ್ಲ, ಪೆಟ್ಟಿಗೆ ಬಿರಿದು ನಾಲ್ಕು ಜನ ನಮ್ಮ ಗಾಡೀನ ಹೊತ್ಕೊಂಡು ಬರ್ತಿದ್ರು. ನಾಳೆ ನಾನು ನಿಮ್ಮನ್ನ ನೇಗಿಲಿಗೆ ಕಟ್ಟಿ ಉಳ್ತಿದ್ದೆ. ಆ ಸ್ಪಾನರು ಕೊಡಿ ಇಲ್ಲಿ.”

ತಮ್ಮ ಬೇಕೆಂದೇ ಕೈಕಟ್ಟಿ ನಿಂತ. ಹತ್ತು ನಿಮಿಷದಲ್ಲಿ ಅಕ್ಕನೇ ಹೊಸ ಪಿನ್ನು ಹಾಕಿದಳು. ಮನೆಯವರೆಗೂ ಓಡಿಸಿದವಳೂ ಅವಳೇ. ಗಂಡ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಸೋಮವಾರ ಬೆಳಗಾಗುತ್ತಲೇ ಅವಳು ಉಳುಮೆಗೆ ಇಳಿದಳು. ಗಟ್ಟಿ ಪಿನ್ನನ್ನು ಕೋಳಿಗೂಡಿನ ಚಿಲಕಕ್ಕೆ ಸಿಕ್ಕಿಸಿ ಬಂದಿದ್ದಳು, ಮೊಟ್ಟೆ ತೆಗೆಯುವಾಗಲೆಲ್ಲ ಗಂಡನಿಗೆ ಕಾಣಲಿ ಎಂದು. ಮೂರನೆಯ ಸಾಲು ತಿರುಗಿಸುವಾಗ ಅವನು ಬದುವಿನ ಮೇಲೆ ಚಹಾದ ಫ್ಲಾಸ್ಕು ಹಿಡಿದು ನಿಂತಿದ್ದ. ಅವಳು ಎಂಜಿನ್ನು ತಗ್ಗಿಸಿದಳು. ನಿನ್ನೆ ಬೀಗ ಹಾಕಿದ ಬಾಯಿ ಈಗ ಬಿಡುತ್ತಿದ್ದಾನೆ, ತಪ್ಪಾಯಿತು ಎನ್ನುತ್ತಾನೇನೋ ಎಂದುಕೊಂಡಳು.

“ಅಲ್ವೇ,” ಎಂದ ಅವನು, “ನಾಲ್ಕೇ ಹೆಜ್ಜೆ ಉಳಿದಿದ್ದು. ನಿನ್ನ ತಮ್ಮಂಗೆ ಹೇಳಿ, ಆ ಮೆತ್ತನೆ ಪಿನ್ನನ್ನೇ ಇನ್ನೊಂಚೂರು…”

ಅಕ್ಕ ಫ್ಲಾಸ್ಕು ಕಸಿದುಕೊಂಡು ಎಂಜಿನ್ನು ಜೋರು ಮಾಡಿದಳು.